ಶಕ್ತಿಯ ಮೂಲ, ಶೀಲದ ಮೂಲ

ಇಂದ್ರಿಯಗಳ ಮಿತಿಯನ್ನು ಮೀರಬೇಕೆಂಬ ಹಂಬಲವು ಮಾನವನಷ್ಟೇ ಹಳೆಯದು. ದೂರದಲ್ಲಿರುವುದನ್ನು ಇದ್ದಲ್ಲಿಂದಲೇ ಕಾಣಬೇಕು, ಪರರ ಮನಸ್ಸಿನಲ್ಲಿರುವುದನ್ನು ಅವರು ನುಡಿಯುವ ಮೊದಲೇ ಅರಿಯಬೇಕು, ಮುಟ್ಟದೆಯೇ ವಸ್ತುವನ್ನು ಕದಲಿಸಬೇಕು, ನಾಳೆ ಬರುವುದನ್ನು ಇಂದೇ ತಿಳಿಯಬೇಕು – ಈ ಬಯಕೆಗಳು ಎಲ್ಲ ದೇಶಗಳ ಪುರಾಣಕಥೆಗಳಲ್ಲಿಯೂ ಕಂಡುಬರುತ್ತವೆ. ಇಪ್ಪತ್ತನೆಯ ಶತಮಾನದಲ್ಲಿ ವಿಜ್ಞಾನವು ಬೆಳೆದು, ಪಾಶ್ಚಾತ್ಯ ದೇಶಗಳಲ್ಲಿ ಪುರಾಣಗಳ ಮೇಲಿನ ನಂಬಿಕೆ ಸಡಿಲಗೊಂಡಾಗಲೂ ಈ ಹಂಬಲ ಅಡಗಲಿಲ್ಲ. ಅದು ವೇಷವನ್ನು ಮಾತ್ರ ಬದಲಿಸಿತು. ತಪೋವನದ ಸ್ಥಾನದಲ್ಲಿ ಅನ್ಯಗ್ರಹಗಳು ಬಂದವು, ವಿಮಾನದ ಸ್ಥಾನದಲ್ಲಿ ಆಕಾಶನೌಕೆ ಬಂದಿತು. ಸಿದ್ಧಿಯನ್ನು ಪಡೆದ ಸಾಧಕನೂ ಅವನಿಗೆ ದಾರಿ ತೋರುವ ಗುರುವೂ ಹಾಗೆಯೇ ಉಳಿದರು.

ಇಂತಹ ವಿಜ್ಞಾನ ಕಲ್ಪನಾ ಜಗತ್ತುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಅಮೆರಿಕದ ಜಾರ್ಜ್ ಲ್ಯೂಕಾಸ್ ಅವರು ನಿರ್ಮಿಸಿದ ‘ಸ್ಟಾರ್ ವಾರ್ಸ್’ ಚಿತ್ರಮಾಲೆ. ಅದನ್ನು ಜೈನ ಮನೆಗಳ ಮಕ್ಕಳೂ ನೋಡಿ ಮೆಚ್ಚಿದ್ದಾರೆ. ಹಿರಿಯರು ಇದನ್ನು ಬರಿಯ ಮಕ್ಕಳಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಆ ಕಥೆಯ ಗರ್ಭದಲ್ಲಿ ಒಂದು ಗಂಭೀರವಾದ ಪ್ರಶ್ನೆಯಿದೆ: ಅಲೌಕಿಕ ಶಕ್ತಿಯು ಎಲ್ಲಿಂದ ಬರುತ್ತದೆ? ಹುಟ್ಟಿನಿಂದಲೋ, ಸಾಧನೆಯಿಂದಲೋ? ಈ ಪ್ರಶ್ನೆಗೆ ಆ ಚಿತ್ರಗಳು ನಾಲ್ಕು ದಶಕಗಳಲ್ಲಿ ಒಂದಕ್ಕಿಂತ ಹೆಚ್ಚು ಉತ್ತರಗಳನ್ನು ಕೊಟ್ಟಿವೆ. ಜೈನಾಚಾರ್ಯರು ಇದೇ ಪ್ರಶ್ನೆಯನ್ನು ಬಹು ಹಿಂದೆಯೇ ಎತ್ತಿಕೊಂಡು, ಇನ್ನೂ ಮುಂದಿನ ಒಂದು ಪ್ರಶ್ನೆಯನ್ನು ಅದರ ಪಕ್ಕದಲ್ಲಿಟ್ಟರು. ಎರಡನ್ನೂ ಒಟ್ಟಿಗೆ ಪರಿಶೀಲಿಸುವುದು ಉಪಯುಕ್ತವಾದೀತು.

ಕಲ್ಪಿತ ಜಗತ್ತಿನ ‘ಫೋರ್ಸ್’

ಮೊದಲ ಚಿತ್ರವು ತೆರೆಕಂಡದ್ದು 1977ರ ಮೇ ತಿಂಗಳಿನಲ್ಲಿ. ಅದರಲ್ಲಿ ವೃದ್ಧ ಗುರುವಾದ ಓಬಿ-ವಾನ್ ಕೆನೋಬಿಯು ತರುಣನಾದ ಲ್ಯೂಕ್ ಸ್ಕೈವಾಕರ್‌ಗೆ ‘ಫೋರ್ಸ್’ ಎಂಬ ಶಕ್ತಿಯ ಪರಿಚಯವನ್ನು ಮಾಡಿಕೊಡುತ್ತಾನೆ. ಸಮಸ್ತ ಜೀವಿಗಳಿಂದ ಹುಟ್ಟಿ, ಅವುಗಳನ್ನು ಆವರಿಸಿ, ಅವುಗಳೊಳಗೆ ಹರಿದು, ನಕ್ಷತ್ರಲೋಕವನ್ನೇ ಒಂದುಗೂಡಿಸಿರುವ ಶಕ್ತಿಕ್ಷೇತ್ರವದು ಎಂಬುದು ಅವನ ವಿವರಣೆ. ಈ ಶಕ್ತಿಯನ್ನು ಅರಿತು ನಡೆಯುವ ಸಾಧಕರ ಸಂಘಕ್ಕೆ ‘ಜೆಡೈ’ ಎಂದು ಹೆಸರು. 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದಲ್ಲಿ ಯೋಡಾ ಎಂಬ ಕುಬ್ಜದೇಹದ ಗುರು ಬರುತ್ತಾನೆ. ಜೌಗಿನಲ್ಲಿ ಮುಳುಗಿದ ಆಕಾಶನೌಕೆಯನ್ನು ಬಲಿಷ್ಠನಾದ ಶಿಷ್ಯನು ಮೇಲೆತ್ತಲಾರದೆ ಸೋತಾಗ, ಮೊಳಕಾಲುದ್ದದ ಆ ಗುರುವು ಕಣ್ಣು ಮುಚ್ಚಿ, ಕೈ ಚಾಚಿ ಅದನ್ನು ದಡಕ್ಕೆ ತರುತ್ತಾನೆ. ದೇಹದ ಗಾತ್ರವು ಲೆಕ್ಕಕ್ಕಿಲ್ಲ, ಜೀವಿಯು ಈ ಜಡಮಾಂಸವಲ್ಲ ಎಂಬ ಭಾವದ ಬೋಧನೆಯನ್ನು ಅವನು ಮಾಡುತ್ತಾನೆ.

ದೇಹಕ್ಕೂ ಜೀವಕ್ಕೂ ಭೇದವನ್ನು ಕಾಣಿಸುವ ಈ ಮಾತು ಭೇದವಿಜ್ಞಾನದ ಪಾಠವನ್ನು ಬಲ್ಲ ಜೈನ ಓದುಗನಿಗೆ ಪರಿಚಿತವೆನಿಸುವುದು ಸಹಜ. ಆದರೆ ಅವಸರದಿಂದ ಎರಡನ್ನೂ ಒಂದೆಂದು ಹೇಳಲಾಗದು. ಎಲ್ಲ ಜೀವಗಳನ್ನೂ ವ್ಯಾಪಿಸಿದ ಒಂದೇ ಶಕ್ತಿಯೆಂಬುದು ಜೈನ ಸಿದ್ಧಾಂತಕ್ಕೆ ಸಮ್ಮತವಲ್ಲ. ಜೈನರ ದೃಷ್ಟಿಯಲ್ಲಿ ಜೀವಗಳು ಅನಂತ. ಪ್ರತಿಯೊಂದು ಜೀವವೂ ಸ್ವತಂತ್ರ. ಅನಂತ ಜ್ಞಾನ, ಅನಂತ ದರ್ಶನ, ಅನಂತ ಸುಖ, ಅನಂತ ವೀರ್ಯಗಳು ಪ್ರತಿಯೊಂದು ಜೀವದ ಸ್ವಭಾವ. ಶಕ್ತಿಯು ಹೊರಗಿನಿಂದ ಹರಿದುಬರುವ ವಸ್ತುವಲ್ಲ. ಅದು ಒಳಗೇ ಇದ್ದು, ಕರ್ಮದ ಆವರಣದಿಂದ ಮುಚ್ಚಿದೆ. ಮೋಡ ಸರಿದಾಗ ಸೂರ್ಯನು ಹೊಸದಾಗಿ ಹುಟ್ಟುವುದಿಲ್ಲ. ಇದ್ದ ಸೂರ್ಯನೇ ತೋರುತ್ತಾನೆ.

ರಕ್ತದ ಎಣಿಕೆ

1983ರ ‘ರಿಟರ್ನ್ ಆಫ್ ದಿ ಜೆಡೈ’ ಚಿತ್ರದಲ್ಲಿಯೇ ಈ ಶಕ್ತಿಯು ಲ್ಯೂಕನ ವಂಶದಲ್ಲಿ ಪ್ರಬಲವಾಗಿದೆಯೆಂಬ ಮಾತು ಬಂದಿತ್ತು. 1999ರಲ್ಲಿ ಬಂದ ‘ದಿ ಫ್ಯಾಂಟಮ್ ಮೆನೇಸ್’ ಇನ್ನೂ ಮುಂದೆ ಹೋಯಿತು. ಟ್ಯಾಟೂಯಿನ್ ಎಂಬ ಮರಳುಗ್ರಹದಲ್ಲಿ ತಾಯಿಯೊಡನೆ ಗುಲಾಮನಾಗಿರುವ ಒಂಬತ್ತು ವರ್ಷದ ಬಾಲಕ ಆನಕಿನ್ ಸ್ಕೈವಾಕರ್‌ನನ್ನು ಕ್ವೈ-ಗಾನ್ ಜಿನ್ ಎಂಬ ಜೆಡೈ ಗುರು ಕಾಣುತ್ತಾನೆ. ಅವನ ರಕ್ತದ ಹನಿಯನ್ನು ತೆಗೆದು ಯಂತ್ರದಿಂದ ಪರೀಕ್ಷಿಸುತ್ತಾನೆ. ಪ್ರತಿಯೊಂದು ಜೀವಕೋಶದೊಳಗೂ ವಾಸಿಸುವ ‘ಮಿಡಿಕ್ಲೋರಿಯನ್’ ಎಂಬ ಅತಿಸೂಕ್ಷ್ಮ ಜೀವಿಗಳ ಮೂಲಕವೇ ಫೋರ್ಸಿನ ಅರಿವು ಉಂಟಾಗುತ್ತದೆಂದೂ, ಅವು ಹೆಚ್ಚಿದ್ದಷ್ಟೂ ಸಾಮರ್ಥ್ಯವು ಹೆಚ್ಚೆಂದೂ ಹೇಳಲಾಗುತ್ತದೆ. ಬಾಲಕನ ಎಣಿಕೆಯು 20,000ವನ್ನೂ ಮೀರಿರುತ್ತದೆ. ಗುರುಶ್ರೇಷ್ಠನಾದ ಯೋಡಾನಿಗೂ ಅಷ್ಟಿಲ್ಲ. ಬಾಲಕನಿಗೆ ತಂದೆಯೇ ಇಲ್ಲ, ಆ ಸೂಕ್ಷ್ಮ ಜೀವಿಗಳಿಂದಲೇ ಅವನು ಗರ್ಭಸ್ಥನಾಗಿರಬಹುದು ಎಂಬ ಊಹೆಯೂ ಬರುತ್ತದೆ.

ಇಲ್ಲಿ ಬಹುಮಂದಿ ಅಭಿಮಾನಿಗಳಿಗೆ ನಿರಾಶೆಯಾಯಿತು. ಶ್ರದ್ಧೆಯಿಂದಲೂ ಏಕಾಗ್ರತೆಯಿಂದಲೂ ದೊರಕುವುದೆಂದು ನಂಬಿದ್ದ ಶಕ್ತಿಯು ರಕ್ತದ ಎಣಿಕೆಗೆ ಇಳಿಯಿತಲ್ಲಾ ಎಂಬುದು ಅವರ ಕೊರಗು. ಹಾಗೆ ನೋಡಿದರೆ ಚಿತ್ರದ ವಿವರಣೆಯು ಅಷ್ಟು ಒರಟಲ್ಲ. ಆ ಜೀವಿಗಳು ಫೋರ್ಸನ್ನು ಹುಟ್ಟಿಸುತ್ತವೆಂದು ಅದು ಹೇಳುವುದಿಲ್ಲ. ಫೋರ್ಸಿನ ಇಚ್ಛೆಯನ್ನು ತಿಳಿಸುತ್ತವೆನ್ನುತ್ತದೆ. ಮನಸ್ಸನ್ನು ಶಾಂತಗೊಳಿಸಿದವನಿಗೆ ಮಾತ್ರ ಅವುಗಳ ನುಡಿ ಕೇಳಿಸುತ್ತದೆಂದೂ ಹೇಳುತ್ತದೆ. ಜೈನ ಪರಿಭಾಷೆಯಲ್ಲಿ ಹೇಳುವುದಾದರೆ ಅವು ನಿಮಿತ್ತಕಾರಣ, ಉಪಾದಾನಕಾರಣವಲ್ಲ. ಮಡಕೆಗೆ ಕುಂಬಾರನ ಚಕ್ರವು ನಿಮಿತ್ತ, ಮಣ್ಣು ಉಪಾದಾನ. ಚಕ್ರವಿಲ್ಲದೆ ಮಡಕೆಯು ರೂಪುಗೊಳ್ಳದಿರಬಹುದು. ಆದರೆ ಎಷ್ಟು ಚಕ್ರಗಳನ್ನು ತಿರುಗಿಸಿದರೂ ಮಣ್ಣಿಲ್ಲದೆ ಮಡಕೆಯಾಗದು. ನಿಮಿತ್ತವನ್ನು ಅಳೆಯುವ ಸಾಧನ ದೊರೆತ ಕೂಡಲೇ ಉಪಾದಾನವನ್ನು ಮರೆಯುವುದು ಮನುಷ್ಯಬುದ್ಧಿಯ ಹಳೆಯ ದೋಷ. ಎಣಿಸಲು ಬರುವುದೆಲ್ಲ ಮುಖ್ಯ, ಎಣಿಸಲು ಬಾರದುದೆಲ್ಲ ಅಮುಖ್ಯ ಎಂದಾಗಿಬಿಡುತ್ತದೆ.

ಒಂದು ಕಲ್ಪಿತ ಜಗತ್ತು ಈ ಪ್ರಶ್ನೆಯಲ್ಲಿ ಎಷ್ಟು ತೊಳಲಾಡಿತೆಂಬುದು ಮುಂದಿನ ಚಿತ್ರಗಳಿಂದ ತಿಳಿಯುತ್ತದೆ. 2017ರ ‘ದಿ ಲಾಸ್ಟ್ ಜೆಡೈ’ ಚಿತ್ರದಲ್ಲಿ ನಾಯಕಿಯಾದ ರೇ ಎಂಬ ತರುಣಿಯ ತಂದೆತಾಯಿಗಳು ಹೆಸರಿಲ್ಲದ ಸಾಮಾನ್ಯರೆಂದು ಹೇಳಲಾಯಿತು. ಕಡೆಯ ದೃಶ್ಯದಲ್ಲಿ ಲಾಯದ ಕೆಲಸದ ಒಬ್ಬ ಬಡ ಬಾಲಕನು ಮುಟ್ಟದೆಯೇ ಪೊರಕೆಯನ್ನು ಕೈಗೆ ಬರಿಸಿಕೊಳ್ಳುತ್ತಾನೆ. ಶಕ್ತಿಯು ಯಾವ ಮನೆತನದ ಸೊತ್ತೂ ಅಲ್ಲವೆಂಬುದು ಅದರ ಧ್ವನಿ. ಆದರೆ ಎರಡೇ ವರ್ಷಗಳಲ್ಲಿ, 2019ರ ‘ದಿ ರೈಸ್ ಆಫ್ ಸ್ಕೈವಾಕರ್’ ಚಿತ್ರದಲ್ಲಿ, ಅದೇ ತರುಣಿಯು ದುಷ್ಟ ಚಕ್ರವರ್ತಿ ಪಾಲ್ಪಟೀನನ ಮೊಮ್ಮಗಳೆಂದು ಪ್ರಕಟವಾಯಿತು. ಅವಳು ತನ್ನ ಅಜ್ಜನನ್ನು ತಿರಸ್ಕರಿಸಿ ಸನ್ಮಾರ್ಗವನ್ನೇ ಹಿಡಿದಳೆಂಬುದು ನಿಜ. ಆದರೂ ಅಷ್ಟು ದೊಡ್ಡ ಶಕ್ತಿಗೆ ಅಷ್ಟು ದೊಡ್ಡ ವಂಶವೊಂದು ಬೇಕೇ ಬೇಕೆಂಬ ಆಸೆಯು ಕಥೆಗಾರರನ್ನು ಬಿಡಲಿಲ್ಲ.

ಅಮೆರಿಕದ ಇನ್ನೊಬ್ಬ ಲೇಖಕ ಫ್ರಾಂಕ್ ಹರ್ಬರ್ಟ್ ಅವರ ‘ಡ್ಯೂನ್’ ಕಾದಂಬರಿ 1965ರಲ್ಲಿ ಪ್ರಕಟವಾಯಿತು. ಅಲ್ಲಿ ಭವಿಷ್ಯವನ್ನು ಕಾಣುವ ಶಕ್ತಿಗೆ ಎರಡು ಮೂಲಗಳು: ಸಾಧ್ವಿಯರ ಒಂದು ಗುಪ್ತಸಂಘವು ಅನೇಕ ತಲೆಮಾರುಗಳ ಕಾಲ ವಿವಾಹಸಂಬಂಧಗಳನ್ನು ಯೋಜಿಸಿ ಬೆಳೆಸಿದ ವಂಶ, ಮತ್ತು ಅರ್ರಾಕಿಸ್ ಎಂಬ ಮರುಭೂಮಿಯ ಗ್ರಹದಲ್ಲಿ ಮಾತ್ರ ದೊರೆಯುವ ‘ಮೆಲಾಂಜ್’ ಎಂಬ ವ್ಯಸನಕಾರಿ ದ್ರವ್ಯ. ನಾಯಕ ಪಾಲ್‌ಗೆ ಶಕ್ತಿಯು ಸಿದ್ಧಿಸುತ್ತದೆ. ಆದರೆ ಅವನ ಹೆಸರಿನಲ್ಲಿ ನಡೆಯುವ ಯುದ್ಧಗಳನ್ನು ತಡೆಯಲು ಅವನಿಗೇ ಸಾಧ್ಯವಾಗುವುದಿಲ್ಲ. 1969ರಲ್ಲಿ ಬಂದ ಮುಂದಿನ ಭಾಗದಲ್ಲಿ ಸತ್ತವರ ಸಂಖ್ಯೆ 6,100 ಕೋಟಿಯೆಂದು ಅವನೇ ಲೆಕ್ಕ ಹೇಳುತ್ತಾನೆ. ಭವಿಷ್ಯವನ್ನು ಕಂಡವನಿಗೆ ಅದನ್ನು ತಿದ್ದುವ ಬಲವಿರಲಿಲ್ಲ.

ಭಾರತೀಯರಿಗೆ ಈ ವಿಭಾಗಗಳು ಹೊಸವಲ್ಲ. ಸಿದ್ಧಿಗಳು ಜನ್ಮದಿಂದ, ಔಷಧಿಯಿಂದ, ಮಂತ್ರದಿಂದ, ತಪಸ್ಸಿನಿಂದ, ಸಮಾಧಿಯಿಂದ ಉಂಟಾಗುತ್ತವೆಂದು ಪತಂಜಲಿಯ ಯೋಗಸೂತ್ರವು ಐದು ಮೂಲಗಳನ್ನು ಗುರುತಿಸಿದೆ. ಲ್ಯೂಕಾಸ್ ಅವರ ಆನಕಿನ್ ಜನ್ಮದ ವರ್ಗಕ್ಕೆ ಸೇರಿದವನು. ಹರ್ಬರ್ಟ್ ಅವರ ಪಾಲ್ ಜನ್ಮ ಮತ್ತು ಔಷಧಿ ಎರಡಕ್ಕೂ ಸೇರಿದವನು. ಆ ಸಿದ್ಧಿಗಳು ಸಮಾಧಿಗೆ ವಿಘ್ನವಾಗಬಹುದೆಂದು ಅದೇ ಗ್ರಂಥವು ಎಚ್ಚರಿಸಿದೆ.

ಭವಪ್ರತ್ಯಯ ಮತ್ತು ಗುಣಪ್ರತ್ಯಯ

ಜೈನ ಸಿದ್ಧಾಂತವು ಈ ಪ್ರಶ್ನೆಯನ್ನು ಅವಧಿಜ್ಞಾನದ ಪ್ರಕರಣದಲ್ಲಿ ಅತ್ಯಂತ ಸ್ಪಷ್ಟವಾಗಿ ವಿಚಾರಿಸಿದೆ. ಇಂದ್ರಿಯ ಮತ್ತು ಮನಸ್ಸುಗಳ ನೆರವಿಲ್ಲದೆ, ದೇಶಕಾಲಗಳ ಮಿತಿಯೊಳಗೆ, ರೂಪಿ ಪದಾರ್ಥಗಳನ್ನು ನೇರವಾಗಿ ಅರಿಯುವುದೇ ಅವಧಿಜ್ಞಾನ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಮೊದಲನೆಯ ಅಧ್ಯಾಯವು ಇದನ್ನು ಎರಡಾಗಿ ವಿಂಗಡಿಸುತ್ತದೆ. ಒಂದು ಭವಪ್ರತ್ಯಯ, ಎಂದರೆ ಆ ಗತಿಯಲ್ಲಿ ಹುಟ್ಟಿದ್ದೇ ಕಾರಣವಾಗಿ ಬರುವುದು. ಇನ್ನೊಂದು ಕ್ಷಯೋಪಶಮದಿಂದ, ಸಮ್ಯಗ್ದರ್ಶನಾದಿ ಗುಣಗಳ ಬಲದಿಂದ ಉದಯಿಸುವುದು. ಅದಕ್ಕೆ ಗುಣಪ್ರತ್ಯಯವೆಂದು ಹೆಸರು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಮೊದಲನೆಯದಕ್ಕೆ ಪಕ್ಷಿಯ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಪಕ್ಷಿಯು ಆಕಾಶದಲ್ಲಿ ಹಾರುವುದು ಕಲಿಕೆಯಿಂದಲ್ಲ, ಗುಣವಿಶೇಷದಿಂದಲೂ ಅಲ್ಲ, ಪಕ್ಷಿಯಾಗಿ ಹುಟ್ಟಿದ್ದರಿಂದ.

ಈ ವಿಭಾಗದಲ್ಲಿ ಓದುಗನು ನಿಂತು ಯೋಚಿಸಬೇಕಾದ ಸಂಗತಿಯೊಂದಿದೆ. ಹುಟ್ಟಿನಿಂದಲೇ ಅವಧಿಜ್ಞಾನವುಳ್ಳವರು ಯಾರು? ದೇವತೆಗಳು ಮತ್ತು ನಾರಕಿಗಳು. ಸ್ವರ್ಗದಲ್ಲಿ ಹುಟ್ಟಿದವನಿಗೆ ಇರುವಂತೆಯೇ ನರಕದಲ್ಲಿ ಬಿದ್ದವನಿಗೂ ಅದು ಜನ್ಮಸಿದ್ಧವಾಗಿದೆ, ಅದರ ವ್ಯಾಪ್ತಿಯಲ್ಲಿ ಭೇದವಿದ್ದರೂ ಸರಿಯೇ. ನಾರಕಿಯು ಆ ಜ್ಞಾನದಿಂದ ಮಾಡುವುದೇನು? ಹಳೆಯ ವೈರವನ್ನು ನೆನೆದು, ಎದುರಿನವನನ್ನು ಹುಡುಕಿ ಹಿಂಸಿಸುವುದಕ್ಕೇ ಅದನ್ನು ಬಳಸುತ್ತಾನೆ. ಹುಟ್ಟಿನಿಂದ ಬಂದ ಅತೀಂದ್ರಿಯ ಶಕ್ತಿಯು ಶ್ರೇಷ್ಠತೆಯ ಲಕ್ಷಣವೆಂದು ಹೇಳುವವರಿಗೆ ಇದಕ್ಕಿಂತ ಬಲವಾದ ಉತ್ತರ ಬೇಕಿಲ್ಲ.

ಇನ್ನು ಗುಣಪ್ರತ್ಯಯವು ಉಳಿದವರಿಗೆ, ಎಂದರೆ ಮನುಷ್ಯರಿಗೂ ಸಂಜ್ಞಿ ಪಂಚೇಂದ್ರಿಯ ತಿರ್ಯಂಚರಿಗೂ ಸಾಧ್ಯವೆಂದು ಶಾಸ್ತ್ರವು ಹೇಳುತ್ತದೆ. ವಂಶವೂ ಗೋತ್ರವೂ ಇಲ್ಲದ ಮೃಗಕ್ಕೂ ಆ ಬಾಗಿಲು ಮುಚ್ಚಿಲ್ಲ. ಅದರ ಆರು ಭೇದಗಳಲ್ಲಿ ವರ್ಧಮಾನವೂ ಹೀಯಮಾನವೂ ಸೇರಿವೆ. ಪರಿಣಾಮವಿಶುದ್ಧಿ ಹೆಚ್ಚಿದಂತೆ ಅದು ಬೆಳೆಯುತ್ತದೆ. ವಿಶುದ್ಧಿ ಕುಗ್ಗಿದಂತೆ ಕುಗ್ಗುತ್ತದೆ. ರಕ್ತದಲ್ಲಿ ಒಮ್ಮೆ ಎಣಿಸಿ ಬರೆದಿಡಬಹುದಾದ ಅಂಕಿಯಲ್ಲ ಅದು.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ತೀರ್ಥಂಕರರು ಜನ್ಮದಿಂದಲೇ ಅವಧಿಜ್ಞಾನವನ್ನು ತಂದವರಲ್ಲವೇ? ಹಾಗಿದ್ದರೆ ಜನ್ಮವೇ ಪ್ರಧಾನವಾಗಲಿಲ್ಲವೇ? ಇದಕ್ಕೆ ಉತ್ತರ ಎರಡು ಬಗೆಯದು. ಮೊದಲನೆಯದಾಗಿ, ಆ ಜನ್ಮವೇ ಪೂರ್ವಭವಗಳಲ್ಲಿ ಭಾವಿಸಿದ ಷೋಡಶಕಾರಣಭಾವನೆಗಳ ಫಲ. ಜೈನಧರ್ಮದಲ್ಲಿ ಹುಟ್ಟು ಅದೃಷ್ಟದ ಚೀಟಿಯಲ್ಲ. ಅದು ಹಿಂದಿನ ಲೆಕ್ಕದಿಂದ ತಂದ ಶಿಲ್ಕು. ಎರಡನೆಯದಾಗಿ, ಅವಧಿಜ್ಞಾನದೊಡನೆ ಹುಟ್ಟಿದ ವರ್ಧಮಾನ ಸ್ವಾಮಿಯೂ ಅರಮನೆಯನ್ನು ತೊರೆದು ಹನ್ನೆರಡು ವರ್ಷಗಳಿಗೂ ಮಿಗಿಲಾಗಿ ತಪಸ್ಸನ್ನಾಚರಿಸಬೇಕಾಯಿತು. ಹುಟ್ಟಿನೊಡನೆ ಬಂದ ಆ ಜ್ಞಾನದಿಂದಲೇ ಕೇವಲಜ್ಞಾನವು ಬರಲಿಲ್ಲ.

ಎರಡು ಖಾತೆಗಳು

ಶಕ್ತಿಯ ಮೂಲವನ್ನು ಕುರಿತ ಚರ್ಚೆಯು ಇಷ್ಟಕ್ಕೇ ನಿಂತರೆ ಅರ್ಧವಾದೀತು. ಆನಕಿನ್ ಮುಂದೇನಾದನೆಂಬುದು ಕಥೆಯ ತಿರುಳು. ಜೆಡೈ ಗುರುಮಂಡಲಿಯು ಮೊದಲು ಅವನನ್ನು ಶಿಷ್ಯನಾಗಿ ಸ್ವೀಕರಿಸಲು ಒಪ್ಪುವುದಿಲ್ಲ. ಬಾಲಕನಲ್ಲಿ ಭಯವಿದೆ, ಭಯದಿಂದ ಕೋಪವೂ ಕೋಪದಿಂದ ದ್ವೇಷವೂ ಹುಟ್ಟುವುದೆಂದು ಯೋಡಾ ಶಂಕಿಸುತ್ತಾನೆ. ಕಡೆಗೆ ಅವನಿಗೆ ಶಿಕ್ಷಣವು ದೊರೆಯುತ್ತದೆ, ಶಕ್ತಿಯೂ ಬೆಳೆಯುತ್ತದೆ, ಆದರೆ ಭಯವು ಕರಗುವುದಿಲ್ಲ. 2005ರ ‘ರಿವೆಂಜ್ ಆಫ್ ದಿ ಸಿತ್’ ಚಿತ್ರದಲ್ಲಿ, ಪತ್ನಿಯು ಪ್ರಸವದಲ್ಲಿ ಸಾಯುವಳೆಂಬ ಕನಸು ಅವನನ್ನು ಕಾಡುತ್ತದೆ. ಮರಣವನ್ನು ತಡೆಯುವ ವಿದ್ಯೆಯ ಆಸೆಯನ್ನು ಪಾಲ್ಪಟೀನ್ ತೋರಿಸುತ್ತಾನೆ. ಪ್ರೀತಿಯವಳನ್ನು ಉಳಿಸಿಕೊಳ್ಳಲೆಂದು ಹೊರಟವನು ಆಶ್ರಮದ ಪುಟ್ಟ ಮಕ್ಕಳನ್ನೂ ಕೊಲ್ಲುತ್ತಾನೆ. ಯಾರಿಗಾಗಿ ಇಷ್ಟೆಲ್ಲವನ್ನೂ ಮಾಡಿದನೋ ಅವಳ ಕೊರಳನ್ನೇ ತನ್ನ ಶಕ್ತಿಯಿಂದ ಬಿಗಿಯುತ್ತಾನೆ. ಎಣಿಕೆಯಲ್ಲಿ ಎಲ್ಲರನ್ನೂ ಮೀರಿದ ಬಾಲಕನು ಡಾರ್ತ್ ವೇಡರ್ ಎಂಬ ಕ್ರೂರಿಯಾದನು.

ಇದರ ಕಾರಣವನ್ನು ಜೈನ ಕರ್ಮಸಿದ್ಧಾಂತವು ಬಹು ನಿಖರವಾಗಿ ಹೇಳಬಲ್ಲುದು. ಜ್ಞಾನವನ್ನು ಮುಚ್ಚುವುದು ಜ್ಞಾನಾವರಣೀಯ. ಸಾಮರ್ಥ್ಯವನ್ನು ತಡೆಯುವುದು ವೀರ್ಯಾಂತರಾಯ. ದೃಷ್ಟಿಯನ್ನೂ ನಡತೆಯನ್ನೂ ಕೆಡಿಸುವುದು ಇವೆರಡೂ ಅಲ್ಲ, ಮೋಹನೀಯ. ಕ್ರೋಧ, ಮಾನ, ಮಾಯಾ, ಲೋಭಗಳೆಂಬ ಕಷಾಯಗಳೂ, ಭಯಾದಿ ನೋಕಷಾಯಗಳೂ ಮೋಹನೀಯದ ಪರಿವಾರ. ವ್ಯಾಪಾರಿಯ ಮಾತಿನಲ್ಲಿ ಹೇಳುವುದಾದರೆ ಇವು ಬೇರೆ ಬೇರೆ ಖಾತೆಗಳು. ಒಂದು ಖಾತೆಯಲ್ಲಿ ಜಮಾ ಆದುದು ಇನ್ನೊಂದು ಖಾತೆಯ ಸಾಲವನ್ನು ತಾನಾಗಿ ತೀರಿಸುವುದಿಲ್ಲ. ಜ್ಞಾನಾವರಣೀಯ, ಅಂತರಾಯಗಳು ಸ್ವಲ್ಪ ಸಡಿಲಿದಾಗ ಶಕ್ತಿಯು ಪ್ರಕಟವಾಗುತ್ತದೆ. ಮೋಹನೀಯವು ಮಣಿದಾಗ ಮಾತ್ರ ಶೀಲವು ಪ್ರಕಟವಾಗುತ್ತದೆ. ಮೊದಲನೆಯದು ಆಗಿ ಎರಡನೆಯದು ಆಗದಿದ್ದರೆ, ಕುರುಡನ ಕೈಗೆ ಕತ್ತಿಯನ್ನು ಕೊಟ್ಟಂತೆ.

ಈ ಕಾರಣದಿಂದಲೇ ಮಿಥ್ಯಾದೃಷ್ಟಿಯ ಅವಧಿಜ್ಞಾನಕ್ಕೆ ಶಾಸ್ತ್ರವು ಬೇರೆ ಹೆಸರನ್ನಿಟ್ಟಿದೆ: ವಿಭಂಗ. ಕಾಣುವ ಶಕ್ತಿ ಅದೇ, ಕಾಣುವವನ ದೃಷ್ಟಿ ಕೆಟ್ಟಿದೆ. ಇತರರ ಮನಸ್ಸನ್ನು ಅರಿಯುವ ಮನಃಪರ್ಯಯಜ್ಞಾನವಾದರೋ ಸಂಯಮಿಗಳಾದ ಮುನಿಗಳಿಗಲ್ಲದೆ ಉದಿಸದು. ದೂರದ ವಸ್ತುವನ್ನು ಕಾಣುವ ಶಕ್ತಿಯು ನಾರಕಿಗೂ ಇರಬಹುದು. ಇನ್ನೊಬ್ಬರ ಅಂತರಂಗವನ್ನು ಪ್ರವೇಶಿಸುವ ಶಕ್ತಿಗೆ ಸಂಯಮವೇ ಬಾಗಿಲು.

ಶ್ವೇತಾಂಬರ ಪರಂಪರೆಯ ಭಗವತೀಸೂತ್ರದಲ್ಲಿ ಬರುವ ಗೋಶಾಲನ ವೃತ್ತಾಂತವೂ ಇದನ್ನೇ ತೋರಿಸುತ್ತದೆ. ಅವನಿಗೆ ತೇಜೋಲೇಶ್ಯೆಯು ಹುಟ್ಟಿನಿಂದ ಬರಲಿಲ್ಲ. ಆರು ತಿಂಗಳ ಕಠಿಣ ತಪಸ್ಸಿನಿಂದ ಬಂದಿತು. ಆದರೂ ಅವನು ಅದರಿಂದ ಇಬ್ಬರು ಮುನಿಗಳನ್ನು ಸುಟ್ಟನು. ಭಗವಾನ್ ಮಹಾವೀರರ ಮೇಲೆ ಬಿಟ್ಟಾಗ ಅದು ಹಿಂದಿರುಗಿ ಅವನನ್ನೇ ಹೊಕ್ಕಿತು. ಏಳು ದಿನಗಳಲ್ಲಿ ಅವನ ಅಂತ್ಯವಾಯಿತು. ಆದುದರಿಂದ ಸಾಧನೆಯಿಂದ ಬಂದ ಶಕ್ತಿಯೆಲ್ಲ ಒಳ್ಳೆಯದು, ಹುಟ್ಟಿನಿಂದ ಬಂದುದೆಲ್ಲ ಕೆಟ್ಟದ್ದು ಎಂಬ ಸರಳ ತೀರ್ಮಾನವೂ ಸಲ್ಲದು. ಮೂಲವು ಯಾವುದೇ ಇರಲಿ, ಮೋಹದ ಖಾತೆಯನ್ನು ಪ್ರತ್ಯೇಕವಾಗಿಯೇ ತೆರೆದು ನೋಡಬೇಕು.

ಪರೀಕ್ಷೆಯ ಬಗೆ

ಶಿಷ್ಯನ ಯೋಗ್ಯತೆಯನ್ನು ಅಳೆಯಲು ಕ್ವೈ-ಗಾನ್ ಜಿನ್ ರಕ್ತವನ್ನು ಪರೀಕ್ಷಿಸಿದನು. ಜೈನ ಪರಂಪರೆಯಲ್ಲಿಯೂ ಒಂದು ಪರೀಕ್ಷೆಯ ಕಥೆಯಿದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯು ಶತಮಾನಗಳ ಕಾಲ ತಾಳೆಗರಿಯಲ್ಲಿ ಕಾಪಾಡಿಕೊಂಡು ಬಂದ ಧವಲಾ ಗ್ರಂಥದಲ್ಲಿಯೇ ಅದು ಉಕ್ತವಾಗಿದೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮಲ್ಲಿ ಉಳಿದಿದ್ದ ಶ್ರುತವು ನಷ್ಟವಾಗದಿರಲೆಂದು ಇಬ್ಬರು ಮುನಿಗಳನ್ನು ಕರೆಸಿಕೊಂಡರು. ಕೂಡಲೇ ಪಾಠವನ್ನಾರಂಭಿಸದೆ, ಇಬ್ಬರಿಗೂ ಒಂದೊಂದು ವಿದ್ಯಾಮಂತ್ರವನ್ನು ಕೊಟ್ಟು, ಎರಡು ದಿನಗಳ ಉಪವಾಸದೊಡನೆ ಸಾಧಿಸಲು ಹೇಳಿದರು. ಒಂದು ಮಂತ್ರದಲ್ಲಿ ಅಕ್ಷರವನ್ನು ಹೆಚ್ಚಿಸಿದ್ದರು, ಇನ್ನೊಂದರಲ್ಲಿ ಕಡಿಮೆ ಮಾಡಿದ್ದರು.

ಮಂತ್ರವು ಸಿದ್ಧಿಸಿದಾಗ ಒಬ್ಬರಿಗೆ ಹಲ್ಲು ಮುಂದೆ ಚಾಚಿದ ದೇವಿಯೂ, ಇನ್ನೊಬ್ಬರಿಗೆ ಒಂದೇ ಕಣ್ಣಿನ ದೇವಿಯೂ ಕಾಣಿಸಿಕೊಂಡರು. ಸಾಮಾನ್ಯ ಸಾಧಕನಾದರೆ ದೇವಿಯು ಕಣ್ಣೆದುರಿಗೆ ಬಂದಳೆಂಬ ಹರ್ಷದಲ್ಲಿಯೇ ಮೈಮರೆಯುತ್ತಿದ್ದನು. ಆ ಮುನಿಗಳು ಹಾಗೆ ಮಾಡಲಿಲ್ಲ. ದೇವತೆಗಳು ವಿಕಲಾಂಗರಾಗಿರುವುದಿಲ್ಲ, ಆದುದರಿಂದ ದೋಷವು ಮಂತ್ರದಲ್ಲಿಯೇ ಇರಬೇಕೆಂದು ವಿವೇಚಿಸಿ, ಮಂತ್ರವ್ಯಾಕರಣದಂತೆ ಅಕ್ಷರಗಳನ್ನು ತಿದ್ದಿ ಮತ್ತೆ ಜಪಿಸಿದರು. ದೇವಿಯರು ಸ್ವಾಭಾವಿಕ ರೂಪದಿಂದ ತೋರಿದರು. ಮುನಿಗಳು ಅವರಿಂದ ತಮಗಾಗಿ ಏನನ್ನೂ ಬೇಡದೆ ಗುರುಗಳ ಬಳಿಗೆ ಬಂದು ನಡೆದುದನ್ನು ನಿವೇದಿಸಿದರು. ಸಂತುಷ್ಟರಾದ ಆಚಾರ್ಯರು ಅಧ್ಯಾಪನವನ್ನು ಆರಂಭಿಸಿದರು. ಪುಷ್ಪದಂತ, ಭೂತಬಲಿಗಳೆಂದು ಪ್ರಸಿದ್ಧರಾದ ಆ ಇಬ್ಬರಿಂದಲೇ ಷಟ್ಖಂಡಾಗಮವು ಲೋಕಕ್ಕೆ ದೊರೆಯಿತು.

ಧರಸೇನರು ಪರೀಕ್ಷಿಸಿದ್ದು ಶಿಷ್ಯರಲ್ಲಿ ಎಷ್ಟು ಶಕ್ತಿಯಿದೆಯೆಂಬುದನ್ನಲ್ಲ. ಶಕ್ತಿಯು ಎದುರಿಗೆ ಬಂದು ನಿಂತಾಗ ಅವರ ವಿವೇಕವು ಉಳಿಯುತ್ತದೆಯೇ, ಆಸೆಯು ಏಳುತ್ತದೆಯೇ ಎಂಬುದನ್ನು. ಆ ಕಲ್ಪಿತ ಜಗತ್ತಿನ ಗುರುಗಳಲ್ಲಿ ಯೋಡಾ ಕೂಡ ಬಾಲಕನ ಭಯವನ್ನು ಗುರುತಿಸಿ ಈ ಪ್ರಶ್ನೆಯ ಹತ್ತಿರಕ್ಕೆ ಬಂದಿದ್ದನು. ಆದರೆ ಎಣಿಕೆಯ ಬೆರಗು ಅದನ್ನು ಮುಚ್ಚಿಬಿಟ್ಟಿತು.

ಶಕ್ತಿಯನ್ನು ಬಳಸಿ ಬಿಟ್ಟವರು

ಹಾಗಾದರೆ ಶಕ್ತಿಯನ್ನು ಬಳಸಲೇಬಾರದೇ? ರಕ್ಷಾಬಂಧನದ ಶ್ರಾವಣ ಪೂರ್ಣಿಮೆಯಂದು ಬಸದಿಗಳಲ್ಲಿ ಹೇಳುವ ವಿಷ್ಣುಕುಮಾರ ಮುನಿಗಳ ಕಥೆ ಇದಕ್ಕೆ ಉತ್ತರವಾಗಿದೆ. ಹಸ್ತಿನಾಪುರದಲ್ಲಿ ಬಲಿಯೆಂಬ ಮಂತ್ರಿಯು ಅಕಂಪನಾಚಾರ್ಯರನ್ನೂ ಅವರ ಸಂಘದ 700 ಮುನಿಗಳನ್ನೂ ಬೆಂಕಿ ಹೊಗೆಗಳ ನಡುವೆ ಉಪಸರ್ಗಕ್ಕೆ ಗುರಿಮಾಡಿದಾಗ, ವಿಷ್ಣುಕುಮಾರರು ವಿಕ್ರಿಯಾಋದ್ಧಿಯಿಂದ ವಾಮನರೂಪವನ್ನು ತಾಳಿ, ಮೂರು ಹೆಜ್ಜೆ ಭೂಮಿಯನ್ನು ಬೇಡಿ, ಮುನಿಸಂಘವನ್ನು ಉಳಿಸಿದರು. ಕಥೆಯ ಈ ಭಾಗ ಎಲ್ಲರಿಗೂ ತಿಳಿದಿದೆ. ಅದರ ಆದಿ ಮತ್ತು ಅಂತ್ಯಗಳಲ್ಲಿರುವ ಎರಡು ಸಂಗತಿಗಳನ್ನು ಗಮನಿಸುವವರು ಕಡಿಮೆ.

ಮೊದಲನೆಯದು: ತಮಗೆ ಅಂತಹ ಋದ್ಧಿಯು ಪ್ರಾಪ್ತವಾಗಿದೆಯೆಂಬುದು ವಿಷ್ಣುಕುಮಾರರಿಗೆ ತಿಳಿದೇ ಇರಲಿಲ್ಲ. ಕ್ಷುಲ್ಲಕರೊಬ್ಬರು ಬಂದು ತಿಳಿಸಿದ ಮೇಲೆ ಕೈಯನ್ನು ಚಾಚಿ ನೋಡಿಯೇ ಅವರು ನಂಬಿದರು. ತಪಸ್ಸನ್ನು ಅವರು ಋದ್ಧಿಗಾಗಿ ಮಾಡಿರಲಿಲ್ಲ. ರೈತನು ಬಿತ್ತುವುದು ಕಾಳಿಗಾಗಿ. ಹುಲ್ಲು ತಾನಾಗಿ ಬರುತ್ತದೆ. ಎರಡನೆಯದು: ಕಾರ್ಯವು ಮುಗಿದ ಕೂಡಲೇ ಅವರು ಗುರುಗಳ ಬಳಿಗೆ ಹೋಗಿ ಪ್ರಾಯಶ್ಚಿತ್ತವನ್ನು ಸ್ವೀಕರಿಸಿ ಮತ್ತೆ ತಪಸ್ಸಿಗೆ ನಿಂತರು. 700 ಪ್ರಾಣಗಳನ್ನು ಉಳಿಸಿದ ಕಾರ್ಯಕ್ಕೂ ಪ್ರಾಯಶ್ಚಿತ್ತವೇ? ಹೌದು. ವಾತ್ಸಲ್ಯದಿಂದ ಮಾಡಿದುದಾದರೂ ಮುನಿಪದದ ಮರ್ಯಾದೆಯಿಂದ ಹೊರಗೆ ಕಾಲಿಟ್ಟದ್ದು ಹೌದೆಂದು ಅವರು ತಮ್ಮ ಲೆಕ್ಕವನ್ನು ತಾವೇ ಒಪ್ಪಿಸಿದರು. ಶಕ್ತಿಯನ್ನು ಸತ್ಕಾರ್ಯಕ್ಕೆ ಬಳಸಿದವನಿಗೂ ಲೆಕ್ಕದಿಂದ ವಿನಾಯಿತಿಯಿಲ್ಲ.

ಚಿತ್ರಮಾಲೆಯಲ್ಲಿಯೂ ಇದಕ್ಕೆ ಹತ್ತಿರವಾದ ಒಂದು ಕ್ಷಣವಿದೆ. 1983ರ ಚಿತ್ರದ ಕಡೆಯಲ್ಲಿ ಲ್ಯೂಕನು ಕೋಪದಿಂದ ತಂದೆಯಾದ ವೇಡರ್‌ನ ಕೈಯನ್ನು ಕತ್ತರಿಸುತ್ತಾನೆ; ಆ ಯಂತ್ರದ ಕೈಯನ್ನೂ ಅದರಂತೆಯೇ ಇರುವ ತನ್ನ ಕೈಯನ್ನೂ ನೋಡಿ ಎಚ್ಚತ್ತು, ಗೆದ್ದ ಗಳಿಗೆಯಲ್ಲಿಯೇ ಆಯುಧವನ್ನು ಎಸೆದುಬಿಡುತ್ತಾನೆ. ಆರು ಚಿತ್ರಗಳ ಆ ಕಥೆಯಲ್ಲಿ ಚಕ್ರವರ್ತಿಯ ಪತನಕ್ಕೆ ದಾರಿಯಾದದ್ದು ಶಕ್ತಿಯ ಪ್ರಯೋಗವಲ್ಲ, ಪ್ರಯೋಗವನ್ನು ಕೈಬಿಟ್ಟ ಆ ಕ್ಷಣ. ಕ್ರೂರಿಯಾಗಿದ್ದ ತಂದೆಯ ಮನಸ್ಸು ಕರಗಿದ್ದೂ ಅದರಿಂದಲೇ. ಮಕ್ಕಳು ಖಡ್ಗಯುದ್ಧವನ್ನು ನೆನಪಿಟ್ಟುಕೊಳ್ಳುತ್ತಾರೆ. ಹಿರಿಯರು ಅವರ ಗಮನವನ್ನು ಈ ಕ್ಷಣದತ್ತ ತಿರುಗಿಸಿದರೆ, ಅಹಿಂಸೆಯ ಪಾಠಕ್ಕೆ ಅಲ್ಲಿಯೇ ಒಂದು ಆರಂಭವು ಸಿಕ್ಕೀತು.

ಶ್ರಾವಕನ ಕರ್ತವ್ಯ

ಈ ವಿಚಾರವು ಕಲ್ಪಿತ ಜಗತ್ತಿಗೆ ಮಾತ್ರ ಸಂಬಂಧಿಸಿದುದಲ್ಲ. ವ್ಯಾಪಾರವು ನಷ್ಟದಲ್ಲಿರುವಾಗ, ಮಗಳ ವಿವಾಹವು ತಡವಾದಾಗ, ರೋಗವು ವಾಸಿಯಾಗದಿದ್ದಾಗ ಚಮತ್ಕಾರವನ್ನು ಅರಸುವ ಮನಸ್ಸು ಶ್ರಾವಕರಲ್ಲಿಯೂ ಹುಟ್ಟುತ್ತದೆ. ಸಂಕಟದಲ್ಲಿರುವವರನ್ನು ಹಳಿಯುವುದು ದಯೆಯಲ್ಲ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವರದ ಆಸೆಯಿಂದ ರಾಗದ್ವೇಷಯುಕ್ತ ದೇವತೆಗಳನ್ನು ಉಪಾಸಿಸುವುದನ್ನು ದೇವಮೂಢತೆಯೆಂದು ಕರೆದಿರುವುದನ್ನು ನೆನಪಿಸುವುದು ಕರ್ತವ್ಯ. ಅದೇ ಆಚಾರ್ಯರು ಆಪ್ತಮೀಮಾಂಸೆಯನ್ನು ಆರಂಭಿಸುವ ಬಗೆಯು ಇನ್ನೂ ಧೀರವಾದುದು. ದೇವತೆಗಳು ಬಂದರು, ಆಕಾಶದಲ್ಲಿ ನಡೆದರು, ಚಾಮರಗಳು ಬೀಸಿದವು ಎಂಬ ವೈಭವವು ಮಾಯಾವಿಗಳಲ್ಲಿಯೂ ಕಂಡುಬರುತ್ತದೆ. ಆದುದರಿಂದ ಆ ಕಾರಣಕ್ಕಾಗಿ ಜಿನೇಂದ್ರನನ್ನು ಮಹಾಂತನೆಂದು ಒಪ್ಪಲಾಗದೆಂದು ಅವರು ಜಿನನ ಸನ್ನಿಧಿಯಲ್ಲಿಯೇ ನಿಂತು ನುಡಿಯುತ್ತಾರೆ. ದೋಷಗಳು ಕ್ಷಯಿಸಿರುವುದೂ ವಚನವು ಯುಕ್ತಿಗೆ ವಿರೋಧವಾಗದಿರುವುದೂ ಅವರಿಗೆ ಮಹತ್ತ್ವದ ಪ್ರಮಾಣ. ಜಿನೇಂದ್ರನಿಗೇ ಚಮತ್ಕಾರದ ಪ್ರಮಾಣಪತ್ರವನ್ನು ನಿರಾಕರಿಸಿದ ಪರಂಪರೆಯಲ್ಲಿ, ಚಮತ್ಕಾರವನ್ನು ಹೇಳಿ ಜನರನ್ನೂ ದ್ರವ್ಯವನ್ನೂ ಸೇರಿಸುವ ಪ್ರಯತ್ನಕ್ಕೆ ಬಸದಿಗಳ ವ್ಯವಸ್ಥಾಪಕರು ಎಡೆಗೊಡಬಾರದು.

ವಂಶದ ವಿಷಯದಲ್ಲಿಯೂ ಇದೇ ನ್ಯಾಯವು ಅನ್ವಯಿಸುತ್ತದೆ. ಸಮಂತಭದ್ರರು ಎಣಿಸಿರುವ ಎಂಟು ಮದಗಳಲ್ಲಿ ಕುಲ, ಜಾತಿ, ಬಲ, ಋದ್ಧಿಗಳು ಅಕ್ಕಪಕ್ಕದಲ್ಲಿಯೇ ಇವೆ. ಚಾಂಡಾಲನಾಗಿ ಹುಟ್ಟಿದವನೂ ಸಮ್ಯಗ್ದರ್ಶನವುಳ್ಳವನಾದರೆ ಬೂದಿ ಮುಚ್ಚಿದ ಕೆಂಡದಂತೆ ಒಳಗೆ ಬೆಳಗುವನೆಂದು ಅವರು ಹೇಳಿದ್ದಾರೆ. ಹಿರಿಯರು ಗಳಿಸಿದ ಸಂಪತ್ತು, ಮನೆತನಕ್ಕೆ ಬಂದ ಬಸದಿಯ ಆಡಳಿತ, ತಲೆಮಾರುಗಳಿಂದ ದೊರೆತ ಗೌರವ – ಇವೆಲ್ಲ ಗೃಹಸ್ಥನ ಭವಪ್ರತ್ಯಯಗಳು. ಅವುಗಳಿಗಾಗಿ ನಾಚಬೇಕಾಗಿಲ್ಲ, ಬೀಗಲೂ ಕಾರಣವಿಲ್ಲ. ಹಕ್ಕಿಯು ಹಾರುವುದಕ್ಕಾಗಿ ಯಾರೂ ಹಕ್ಕಿಯನ್ನು ಸನ್ಮಾನಿಸುವುದಿಲ್ಲ. ವಂಶದಿಂದ ಬಂದ ಧರ್ಮದರ್ಶಿಯ ಪೀಠದಲ್ಲಿ ಕುಳಿತವನು ಅಲ್ಲಿ ಕುಳಿತು ಎಷ್ಟು ಪ್ರಾಮಾಣಿಕವಾಗಿ ಲೆಕ್ಕವನ್ನು ಒಪ್ಪಿಸಿದನು, ಬಡ ಸಾಧರ್ಮಿಯ ಮಾತನ್ನು ಎಷ್ಟು ತಾಳ್ಮೆಯಿಂದ ಕೇಳಿದನು ಎಂಬುದು ಮಾತ್ರ ಅವನ ಗುಣಪ್ರತ್ಯಯ.

ಅವಧಿಜ್ಞಾನವು ಎಷ್ಟೇ ವಿಸ್ತಾರವಾದರೂ ರೂಪಿ ಪದಾರ್ಥಗಳನ್ನು ಮಾತ್ರ ಕಾಣಬಲ್ಲುದು. ಅರೂಪಿಯಾದ ಆತ್ಮನನ್ನು ಅದು ಕಾಣದು. ಲೋಕದ ತುದಿಯವರೆಗೆ ನೋಟವನ್ನು ಹರಿಸಬಲ್ಲ ಜ್ಞಾನಿಯೂ ತನ್ನೊಳಗಿನ ಜೀವವನ್ನು ಆ ನೋಟದಿಂದ ತಲುಪಲಾರನು. ಆದರೆ ಯಾವ ಋದ್ಧಿಯೂ ಇಲ್ಲದ ಗೃಹಸ್ಥನು ಸಂಜೆಯ ಸಾಮಾಯಿಕದ ಎರಡು ಗಳಿಗೆಯಲ್ಲಿ, ಕಷಾಯವು ಮಂದವಾದಷ್ಟರ ಮಟ್ಟಿಗೆ, ಅದರ ಹತ್ತಿರಕ್ಕೆ ಬರಬಲ್ಲನು. ಶಕ್ತಿಯು ಎಲ್ಲಿಂದ ಬಂದಿತೆಂದು ಮಕ್ಕಳು ಕೇಳಿದಾಗ ಹಿರಿಯರು ಉತ್ತರಿಸಲಿ: ಅದು ಪ್ರತಿಯೊಂದು ಜೀವದಲ್ಲಿಯೂ ಸಮನಾಗಿದೆ, ಇರುವೆಯಲ್ಲಿಯೂ ಇದೆ, ಆದುದರಿಂದಲೇ ಇರುವೆಯನ್ನೂ ತುಳಿಯಬಾರದು. ಆ ಬಳಿಕ ಮಕ್ಕಳೇ ಇನ್ನೊಂದು ಪ್ರಶ್ನೆಯನ್ನು ಕೇಳುವಂತೆ ಮಾಡಲಿ: ಆ ಶಕ್ತಿಯು ಪ್ರಕಟವಾದ ದಿನ ಅದನ್ನು ಹಿಡಿಯುವ ಕೈ ಎಂತಹುದಾಗಿರಬೇಕು?